ಎರಡು ಶ್ರಾವಣ ಬಂದ ವರ್ಷ

ಕಳೆದ ವಾರ ಸೊರಬದ ಪೇಟೆಯ ಹಿಂದೆ ಹೊಸದಾಗಿ ಹಾಕಿರುವ ಅಕ್ಕಿ ಗಿರಣಿಯ ಮುಂದೆ ಹಾಯುವಾಗ ಬಿಸಿ ತೌಡಿನ ವಾಸನೆ ಮೂಗಿಗೆ ಬಡಿಯಿತು. ಕಚೇರಿಗೆ ಹೊತ್ತಾಗಿತ್ತು, ಆದರೂ ಕಾಲು ನಿಂತಿತು. ಗಿರಣಿಯವನು ತಲೆಯ ಮೇಲಿನ ಧೂಳು ಕೊಡವಿಕೊಂಡು, "ಏನು ಸಾರ್, ಅಕ್ಕಿ ಮಾಡಿಸೋದಿತ್ತಾ?" ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿ ಮುಂದೆ ಹೋದೆ. ಸಂಜೆ ಕೋಣೆಗೆ ಬಂದವನೇ ಟ್ರಂಕಿನ ತಳದಿಂದ 1958ರ ಡೈರಿ ತೆಗೆದೆ.

ಆ ವರ್ಷ ನನಗೆ ಇಪ್ಪತ್ತು. ಮಾರ್ಚ್ ತಿಂಗಳಲ್ಲಿ ಶಿಕಾರಿಪುರದ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದ್ದೆ. ಎಲ್ಲರಿಗಿಂತ ಕಿರಿಯನೆಂದು ಮಳೆ ಅಳೆಯುವ ಕೆಲಸ ನನ್ನ ತಲೆಗೆ ಬಿತ್ತು. ಕಚೇರಿಯ ಅಂಗಳದಲ್ಲಿ ಬೇಲಿ ಹಾಕಿ ನಿಲ್ಲಿಸಿದ ಮಳೆಮಾಪಕದಿಂದ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೀರು ತೆಗೆದು, ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಭಾನುವಾರವೂ ಬಿಡುವಿಲ್ಲ. ಬೇರೆಯವರಿಗೆ ಅದು ಪೀಡೆ, ನನಗೆ ಹಬ್ಬ. ಎಣಿಸುವುದು, ಬರೆದಿಡುವುದು ನನಗೆ ಚಿಕ್ಕಂದಿನಿಂದ ಬಂದ ಚಟ. ರಿಜಿಸ್ಟರಿಗೆ ಹಾಕಿದ್ದನ್ನು ನನ್ನ ಡೈರಿಗೂ ಹಾಕಿಕೊಳ್ಳುತ್ತಿದ್ದೆ.

ಊಟ, ವಸತಿ ಗಂಗತ್ತೆಯ ಮನೆಯಲ್ಲಿ. ಗಂಗತ್ತೆ ಅಪ್ಪನ ಅಕ್ಕ. ಅವಳ ಗಂಡ ಹಾಲಪ್ಪ ಮಾವನಿಗೆ ಮನೆಗೆ ಅಂಟಿಕೊಂಡೇ ಒಂದು ಅಕ್ಕಿ ಗಿರಣಿಯಿತ್ತು. ಎಣ್ಣೆ ಎಂಜಿನ್ನು ಶುರುವಾದರೆ ಅಡಿಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅವರಿಗೆ ಉಳಿದ ಒಬ್ಬಳೇ ಮಗಳು ಶಾಂತ. ಹದಿನೇಳು ವರ್ಷ, ನಾಲಿಗೆ ಬಲು ಚುರುಕು. ನಾನು ಮಳೆ ಅಳೆಯುತ್ತೇನೆಂದು ತಿಳಿದ ದಿನವೇ, "ಬಾವ, ಬಿಸಿಲೂ ಅಳಿತೀಯೇನು? ಮೆಣಸಿನಕಾಯಿ ಒಣಗಿಸಬೇಕಿತ್ತು" ಎಂದಿದ್ದಳು.

ಗಂಗತ್ತೆ ಗಟ್ಟಿ ಗಂಟಲಿನ ಹೆಂಗಸು. ಬೀದಿಯ ಆ ತುದಿಯಲ್ಲಿ ಹೋಗುತ್ತಿರುವವರನ್ನು ಒಳಗಿನಿಂದಲೇ ಕೂಗಿ ಊಟಕ್ಕೆ ಕರೆಯುವವಳು. ಭತ್ತ ತಂದ ರೈತರು ತೌಡು ಮೆತ್ತಿದ ಮುಖದಲ್ಲೇ ಅವಳ ಪಡಸಾಲೆಯಲ್ಲಿ ರೊಟ್ಟಿ ತಿಂದು ಹೋಗುತ್ತಿದ್ದರು. ಆದರೆ ಅವಳು ಮಾತ್ರ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಒಂದು ಅಗಳೂ ಮುಟ್ಟುವವಳಲ್ಲ. ನಮ್ಮ ಜನರಲ್ಲಿ ಹಿರಿಯರೆಲ್ಲ ಹಾಗೇ. ಅದರಲ್ಲಿ ವಿಶೇಷವೇನೂ ಇರಲಿಲ್ಲ, ಜೂನ್ ಹನ್ನೊಂದರವರೆಗೆ.

ಜೂನ್ ಒಂಬತ್ತಕ್ಕೆ ಮಳೆ ಹಿಡಿದಿತ್ತು. ಹನ್ನೊಂದರಂದು 1 ಇಂಚು 40 ಸೆಂಟು ಬರೆದು ತಿಂಡಿಗೆಂದು ಮನೆಗೆ ಬಂದರೆ ಎಂಜಿನ್ನು ನಿಂತಿತ್ತು. ಬಾಗಿಲಲ್ಲೇ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದಳು.

"ಮೆಲ್ಲಗೆ ಬಾ. ಮಲಗ್ಯಾನೆ."

"ಯಾರು?" ಎಂದೆ. ಯಾರೋ ನೆಂಟರು ಬಂದಿರಬೇಕೆಂದುಕೊಂಡೆ.

ಅವಳು ಎದೆಯ ಮೇಲಿನ ಕರಡಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. "ನಮ್ಮಪ್ಪ. ಇವತ್ತು ಪೂಜೆಗೆ ತೆಗೆದ್ರೆ ಕಣ್ಣು ಮುಚ್ಚಿಬಿಟ್ಟಿದ್ದ. ಎಷ್ಟು ಯುಗದ ಆಯಾಸನೋ ಏನೋ ಪಾಪ. ಎಬ್ಬಿಸಬಾರ್ದು."

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಪಡಸಾಲೆಯಲ್ಲಿ ಮಾವ ತಲೆ ತಗ್ಗಿಸಿ ಕೂತಿದ್ದರು. ಹೊರಗೆ ಕಾಯುತ್ತಿದ್ದ ರೈತರಿಗೆ ಬೆಲ್ಟು ಹರಿದಿದೆ ಎಂದು ಸುಳ್ಳು ಹೇಳಿಬಂದಿದ್ದರು.

ಒಂದು ವಾರದಲ್ಲಿ ಇಡೀ ಮನೆ ಪಿಸುಮಾತು ಕಲಿಯಿತು. ಅತ್ತೆ ತಾಮ್ರದ ಕೊಡಕ್ಕೆ ಹಳೇ ಸೀರೆ ಸುತ್ತಿದಳು. ಶಾಂತಳ ಕಾಲ್ಗೆಜ್ಜೆ ಬಿಚ್ಚಿಸಿದಳು. ಒಗ್ಗರಣೆ ಚಟಪಟ ಅನ್ನುತ್ತದೆಂದು ಸಾಸಿವೆ ನಿಂತಿತು. ಡೈರಿಯಲ್ಲಿ ಲೆಕ್ಕವಿದೆ: ಜೂನ್ ಹನ್ನೆರಡರಿಂದ ಹತ್ತೊಂಬತ್ತರವರೆಗೆ ಸಾಸಿವೆ ಇಲ್ಲದ ಸಾರು, ಎಂಟು ದಿನ. ಮಾವ ಎಂಜಿನ್ನನ್ನು ಮಧ್ಯಾಹ್ನ ಅತ್ತೆ ಹಿತ್ತಿಲಲ್ಲಿ ಸ್ನಾನ ಮಾಡುವ ಹೊತ್ತಿಗೆ ಮಾತ್ರ ಹಚ್ಚುತ್ತಿದ್ದರು. ರೈತರಿಗೂ ಹೇಗೋ ಗೊತ್ತಾಯಿತು. ಒಬ್ಬ ಮುದುಕ ಭತ್ತದ ಚೀಲ ಇಳಿಸುತ್ತ ಮಾವನ ಕಿವಿಯ ಹತ್ತಿರ ಬಾಗಿ, "ಗೌಡ್ರೇ, ನನ್ನ ಹೆಂಡ್ತಿಗೂ ಒಂದಿಷ್ಟು ಹೇಳಿಕೊಡಿಸ್ರಿ. ನಮ್ಮ ಮನೇಲೂ ದೇವರು ಮಲಗಲಿ, ಒಂದಿನ ಸುಮ್ಮನಿರ್ತಾಳೆ" ಎಂದ. ಮಾವ ನಕ್ಕರು, ಆಮೇಲೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ನಾನು ನೋಡಿದೆ.

ಇಲ್ಲಿಯವರೆಗೂ ಹೇಗೋ ನಡೆಯುತ್ತಿತ್ತು. ತೊಂದರೆ ಶುರುವಾದದ್ದು ಊಟದಿಂದ. ಮಲಗಿದ ದೇವರನ್ನು ಕರಡಿಗೆಯಿಂದ ತೆಗೆಯುವಂತಿಲ್ಲ. ತೆಗೆಯದೆ ಪೂಜೆಯಿಲ್ಲ. ಪೂಜೆಯಿಲ್ಲದೆ ಊಟವಿಲ್ಲ. ಮೊದಲು ಹಾಲು, ಅವಲಕ್ಕಿಯಲ್ಲಿ ಕಳೆದಳು. ಜೂನ್ ಇಪ್ಪತ್ತಮೂರರಿಂದ ಅವಲಕ್ಕಿಯನ್ನೂ ಬಿಟ್ಟಳು. ಬೇಯಿಸಿದ್ದೂ ನೆನೆಸಿದ್ದೂ ಊಟವೇ ಅಂತ ಅವಳ ವಾದ. ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುತ್ತದೆ, ಬಾಳೆಹಣ್ಣು ಗಿಡದಲ್ಲೇ ಹಣ್ಣಾದ್ದರಿಂದ ನಡೆಯುತ್ತದೆ. ಹಾಗಾದರೆ ಹಲಸಿನ ತೊಳೆ ಎಂದು ಶಾಂತ ವಾದಕ್ಕೆ ಇಳಿದಳು. ಅರ್ಧ ಗಂಟೆ ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದರು. ಕೊನೆಗೆ ಅತ್ತೆ ಎರಡು ತೊಳೆಗೆ ಒಪ್ಪಿದಳು.

ಅಂದಿನಿಂದ ನನ್ನ ಡೈರಿಯಲ್ಲಿ ಎರಡು ಸಾಲು. ಮೇಲೆ ಮಳೆ, ಕೆಳಗೆ ಅತ್ತೆ. "ಜೂನ್ 27. ಮಳೆ 2-15. ಮಜ್ಜಿಗೆ ಮೂರು ಲೋಟ, ಬಾಳೆಹಣ್ಣು ಎರಡು." "ಜುಲೈ 1. ಮಳೆ 3-02. ಮಜ್ಜಿಗೆ ಎರಡು, ಬಾಳೆಹಣ್ಣು ಒಂದು." ಅಂದೇ ಮಾವ ಡಾಕ್ಟರನ್ನು ಮನೆಗೆ ಕರೆತಂದರು. ಅವರು ನಾಡಿ ನೋಡಿ, ಕಣ್ಣು ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು: "ಹೊಟ್ಟೆಗೆ ಏನೂ ಆಗಿಲ್ಲ ಹಾಲಪ್ಪನವರೇ. ಇದು ಮನಸ್ಸಿನ ಕಾಯಿಲೆ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಕರ್ಕೊಂಡು ಹೋಗ್ಬೇಕು. ಅದಕ್ಕಿಂತ ಮೊದಲು ಗಂಜಿ ಕುಡಿಸಿ. ಹಿಂಗೇ ಬಿಟ್ರೆ ಪ್ರಯಾಣ ತಡೆಯಲ್ಲ ಅವರು."

ಮಾವ ಮಾರನೆಯ ದಿನ, ಸುಮ್ಮನೆ ಕೂರು ಬಾ ಎಂದು ಪುಸಲಾಯಿಸಿ ಅತ್ತೆಯನ್ನು ಗಿರಣಿಯ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿದರು. ಅವಳಿಗೆ ಉಯ್ಯಾಲೆಯಂತೆ ಅನ್ನಿಸಿರಬೇಕು, ಸರಪಳಿ ಹಿಡಿದು ನಕ್ಕಳು. ಅವಳನ್ನು ಇಳಿಸಿ ಒಳಗೆ ಕಳಿಸಿದ ಮೇಲೆ ಮಾವ ನನ್ನ ಭುಜ ಹಿಡಿದುಕೊಂಡರು. "ಅರ್ಧ ಚೀಲ ಭತ್ತದಷ್ಟು ಇಲ್ಲ ಕಣೋ ಬಸು," ಎಂದರು.

ಅಪ್ಪನಿಗೆ ಕಾಗದ ಹಾಕಿದೆ. ಜುಲೈ ಐದಕ್ಕೆ ನಮ್ಮೂರು ಜಡೆಯಿಂದ ಬಸ್ಸು ಹಿಡಿದು, ಸೊರಬದಲ್ಲಿ ಇನ್ನೊಂದು ಬಸ್ಸು ಹತ್ತಿ, ನೆನೆದ ಕಂಬಳಿಯಲ್ಲೇ ಬಂದಿಳಿದ. ಅಪ್ಪ ಗದರಿಸಿ ಉಣ್ಣಿಸುತ್ತಾನೆಂದು ನಾವೆಲ್ಲ ಕಾದಿದ್ದೆವು. ಅವನು ಅಕ್ಕನ ಪಕ್ಕ ಗೋಡೆಗೊರಗಿ ಕೂತ. ಅವಳು ಪಿಸುಗುಟ್ಟಿದ್ದನ್ನೆಲ್ಲ ಕೇಳಿದ. ಆಮೇಲೆ ಕರಡಿಗೆಗೆ ಕೈ ಮುಗಿದ!

ಹೊರಗೆ ಕರೆದು ಕೇಳಿದೆ, "ಏನಪ್ಪ ಇದು? ನೀನೂ ಸೇರಿಕೊಂಡೆಯಾ?"

"ಎಂತ ಹೇಳದು ಮಾರಾಯ. ಇದ್ರೂ ಇರಬಹುದು. ನಾವು ಕಂಡೀವಾ?" ಎಂದ. ಕಂಬಳಿಯ ನೀರು ಹಿಂಡುತ್ತ ಮತ್ತೆ ಹೇಳಿದ: "ನಮ್ಮ ಅವ್ವನೂ ಹಿಂಗೇ ಮಾಡಿತ್ತು. ನಿನಗೆ ಹೇಳಿಲ್ಲ. ಯಾರೋ ಕರೀತಾರೆ ಅಂತ ಜಡೆಯಿಂದ ಕುಬಟೂರಿಗೆ ನಡೆದು ಹೋಗಿ ದೇವಸ್ಥಾನದ ಕಟ್ಟೆ ಮೇಲೆ ಮೂರು ದಿನ ಕೂತಿತ್ತು. ಕರ್ಕೊಂಡು ಬಂದ್ವಿ. ಆಮೇಲೆ ಸರಿಯಾತು, ಮತ್ತೆ ಆತು, ಮತ್ತೆ ಸರಿಯಾತು. ಹಂಗಾದಾಗೆಲ್ಲ ಅವ್ವ ಮನೆ ಕಂಬ ಎಣಿಸ್ತಿತ್ತು. ದಿನಾ ಎಣಿಸಿ ಗೋಡೆ ಮೇಲೆ ಇದ್ದಲಲ್ಲಿ ಗೆರೆ ಎಳಿತಿತ್ತು." ಹಾಗೆ ಹೇಳುವಾಗ ಅವನು ನನ್ನ ಜೇಬಿನಲ್ಲಿದ್ದ ಡೈರಿಯ ಕಡೆ ನೋಡಿದನೋ, ನನಗೇ ಹಾಗೆನ್ನಿಸಿತೋ ತಿಳಿಯದು. ಆ ದಿನ ಡೈರಿಯಲ್ಲಿ ಮಳೆ ಒಂದನ್ನೇ ಬರೆದಿದ್ದೇನೆ. ಮಾರನೆಯ ದಿನ ಅತ್ತೆಯ ಸಾಲು ಮತ್ತೆ ಶುರುವಾಗಿದೆ. ಬಿಟ್ಟ ದಿನದ್ದನ್ನು ಶಾಂತಳನ್ನು ಕೇಳಿ ಸಣ್ಣ ಅಕ್ಷರದಲ್ಲಿ ತುಂಬಿಸಿದ್ದೇನೆ.

ನನ್ನ ತಪ್ಪು ನಡೆದದ್ದು ಜುಲೈ ಎಂಟರಂದು. ಅಪ್ಪ ಊರಿಗೆ ಹೋಗಿಯಾಗಿತ್ತು. ಅತ್ತೆ ಹಾಸಿಗೆ ಹಿಡಿದಿದ್ದಳು. ಮಜ್ಜಿಗೆ ಕುಡಿಸಲು ಕೂತಾಗ ನನ್ನ ಮಣಿಕಟ್ಟು ಹಿಡಿದು, "ಬಸು, ನೀನು ಎಲ್ಲಾನೂ ಬರೆದಿಡ್ತೀಯಲ್ಲ. ಯಾವಾಗ ಏಳ್ತಾನೆ ಅಂತ ಒಂಚೂರು ನೋಡಿ ಹೇಳು. ನನಗೂ ಹೊಟ್ಟೆ ಹಸಿಯುತ್ತೆ ಕಣೋ" ಎಂದಳು.

ಅಲ್ಲಿಯ ತನಕ ಅವಳು ಹಸಿವೆಂಬ ಮಾತೇ ಆಡಿರಲಿಲ್ಲ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಡೈರಿ ತೆಗೆದು, ಹಾಳೆ ಮಗುಚಿ, ಹುಡುಕುವವನಂತೆ ಬೆರಳಾಡಿಸಿ ಹೇಳಿದೆ: "ಶ್ರಾವಣದ ಮೊದಲನೇ ಸೋಮವಾರ ಏಳ್ತಾನೆ ಅತ್ತೆ."

ಅವಳ ಮುಖ ಬೆಳಗಿತು. ಶಿವನಿಗೆ ಶ್ರಾವಣ ಸೋಮವಾರಕ್ಕಿಂತ ಒಳ್ಳೆಯ ದಿನ ಯಾವುದಿದೆ! ನಾನು ಲೆಕ್ಕ ಹಾಕಿಯೇ ಹೇಳಿದ್ದೆ. ಅಮಾವಾಸ್ಯೆ ಜುಲೈ ಹದಿನಾರಕ್ಕೆ, ಅದು ಕಳೆದ ಮೊದಲ ಸೋಮವಾರ ಇಪ್ಪತ್ತೊಂದು. ಹದಿಮೂರು ದಿನ. ಆ ದಿನ ಹೇಗಾದರೂ ಕರಡಿಗೆ ತೆಗೆಸಿದರೆ ದೇವರು ಎದ್ದನೆಂದು ತಾನಾಗಿಯೇ ನಂಬುತ್ತಾಳೆ, ಉಣ್ಣುತ್ತಾಳೆ. ಮಾವನಿಗೆ ಹೇಳಿದೆ. "ಓದಿದವನ ತಲೆ ಅಂದ್ರೆ ಇದು" ಎಂದು ಬೆನ್ನು ಚಪ್ಪರಿಸಿದರು. ಅತ್ತೆ ಅಂದಿನಿಂದ ಗೆಲುವಾಗಿ ದಿನಕ್ಕೆ ಮೂರು ಲೋಟ ಮಜ್ಜಿಗೆ ಕುಡಿದಳು. ನಾನು ಬೀಗಿದೆ.

ಹದಿನೈದನೆಯ ತಾರೀಖು ಮನೆಯ ಗುರುಗಳಾದ ಅಯ್ಯನವರು ಬಂದರು. ಎಂಬತ್ತರ ಹತ್ತಿರದ ಜಂಗಮರು. ಪ್ರತಿ ಅಮಾವಾಸ್ಯೆಯ ಮುಂಚೆ ಬಂದು, ಪಾದಪೂಜೆ ಮಾಡಿಸಿಕೊಂಡು, ಪಂಚಾಂಗ ಓದಿ ಹೋಗುವುದು ವಾಡಿಕೆ. ಮಳೆಯ ಗೋಳು, ಬಿತ್ತನೆಯ ಮಾತೆಲ್ಲ ಆದಮೇಲೆ ಕನ್ನಡಕ ಏರಿಸಿ, "ನಾಡಿದ್ದಿನಿಂದ ಅಧಿಕ ಶ್ರಾವಣ ನೋಡ್ರಿ. ಈ ವರ್ಷ ಎರಡು ಶ್ರಾವಣ" ಎಂದು ಓದಿದರು.

ಒಳಗಿನಿಂದ ಅತ್ತೆಯ ದನಿ ಬಂತು. "ಅಯ್ಯನೋರೆ, ಹಂಗಾದ್ರೆ ನಿಜ ಶ್ರಾವಣ ಯಾವಾಗ?"

"ಅದು ಒಂದು ತಿಂಗಳು ಬಿಟ್ಟು ಕಣವ್ವ. ಅಧಿಕ ಮಾಸದಾಗೆ ಶುಭ ಕಾರ್ಯ ಏನೂ ಕೂಡಿಬರಲ್ಲ."

"ಅದೇ ಅಂದ್ಕೊಂಡೆ," ಎಂದಳು ಅತ್ತೆ, ಬಹಳ ಸಮಾಧಾನದಿಂದ. "ಅವನು ನಿಜ ಶ್ರಾವಣದಾಗೇ ಏಳೋನು. ಅಧಿಕದಾಗೆ ಯಾಕೆ ಏಳ್ತಾನೆ?"

ಮಾವ ಹಣೆ ಚಚ್ಚಿಕೊಂಡರು. ನಾನು ಕಚೇರಿಯ ಇಂಗ್ಲಿಷ್ ಕ್ಯಾಲೆಂಡರು, ಅಮಾವಾಸ್ಯೆ ಎರಡನ್ನೇ ನೋಡಿದ್ದೆ. ಪಂಚಾಂಗ ಬಿಚ್ಚಿರಲಿಲ್ಲ. ಊರಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಅಧಿಕ ಮಾಸ, ದಿನಾ ತಾರೀಖು ಬರೆಯುವ ನನಗೆ ಗೊತ್ತಿರಲಿಲ್ಲ; ಚಿಂತೆಯಲ್ಲಿ ಮುಳುಗಿದ ಮಾವನಿಗೂ ಹೊಳೆದಿರಲಿಲ್ಲ. ನಿಜ ಶ್ರಾವಣದ ಮೊದಲ ಸೋಮವಾರ ಆಗಸ್ಟ್ ಹದಿನೆಂಟು. ಇನ್ನು ಮೂವತ್ತನಾಲ್ಕು ದಿನ. ಹೊಟ್ಟೆ ಹಸಿಯುತ್ತದೆಂದು ಬಾಯಿಬಿಟ್ಟು ಹೇಳಿದವಳಿಗೆ ನಾನೇ ಗಡುವು ಕೊಟ್ಟು ಕಟ್ಟಿಹಾಕಿದ್ದೆ. ಅಷ್ಟು ದಿನ ಅವಳು ಉಳಿಯುವುದಿಲ್ಲವೆಂದು ಡಾಕ್ಟರನ್ನು ಕೇಳದೆಯೂ ತಿಳಿಯುತ್ತಿತ್ತು.

ಮಾವ ತಮ್ಮ ಕರಡಿಗೆ ಬಿಚ್ಚಿ, "ನನ್ನವನು ಎಚ್ಚರ ಇದಾನೆ ಗಂಗಾ. ಇವನಿಗೇ ಒಂದು ಪತ್ರೆ ಏರಿಸಿ ಉಣ್ಣು" ಎಂದು ಬೇಡಿಕೊಂಡರು. ಅತ್ತೆ ಕಿವಿ ಮುಚ್ಚಿಕೊಂಡಳು. "ಏನ್ರೀ ನೀವು, ಬುದ್ಧಿ ಐತೇನ್ರೀ? ಒಬ್ಬರದ್ದನ್ನ ಇನ್ನೊಬ್ಬರು ಮುಟ್ತಾರೇನು? ನಿಮಗೆ ಹುಚ್ಚು ಹಿಡಿದೈತೆ." ಮೂಲೆಯಲ್ಲಿ ಶಾಂತ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು, ಆಮೇಲೆ ಅದೇ ಸೆರಗಿನಲ್ಲಿ ಅತ್ತಳು.

ಜುಲೈ ಇಪ್ಪತ್ತು, ಭಾನುವಾರ: ಮಜ್ಜಿಗೆ ಅರ್ಧ ಲೋಟ. ಬಾಳೆಹಣ್ಣು ಇಲ್ಲ.

ಇಪ್ಪತ್ತೊಂದರ ಬೆಳಿಗ್ಗೆ ಮಳೆ ಅಳೆದು ಕಚೇರಿಗೆ ರಜೆ ಹೇಳಿ ನೇರ ಮನೆಗೆ ಬಂದೆ. ಅತ್ತೆಯ ಹಾಸಿಗೆಯ ಪಕ್ಕ ಕೂತು, "ಅತ್ತೆ, ನಾನು ಸುಳ್ಳು ಹೇಳಿದ್ದೆ. ಈ ಪುಸ್ತಕದಲ್ಲಿ ದೇವರ ವಿಷಯ ಒಂದು ಅಕ್ಷರವೂ ಇಲ್ಲ. ಇರೋದು ಮಳೆ, ಮತ್ತೆ ನೀನು ತಿಂದದ್ದು, ಅಷ್ಟೇ" ಎಂದೆ.

ಅವಳು ಕಣ್ಣು ತೆರೆದಳು. "ಗೊತ್ತು ಕಣೋ. ನಾನೇನು ನಿನ್ನ ಎತ್ತಿ ಆಡಿಸಿಲ್ವಾ? ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಗಾಗುತ್ತೆ, ಆವತ್ತೂ ಆಗಿತ್ತು."

"ಗೊತ್ತಿದ್ದೂ ಯಾಕೆ ನಂಬಿದೆ?"

"ಉಳಿದೋರೆಲ್ಲ ಅವನು ಮಲಗೇ ಇಲ್ಲ ಅಂದ್ರು. ನೀನೊಬ್ಬನೇ ಏಳ್ತಾನೆ ಅಂದಿದ್ದು."

ಅಷ್ಟರಲ್ಲಿ ಶಾಂತ ಗಂಜಿಯ ಬಟ್ಟಲು ಹಿಡಿದು ಬಂದಳು. ಇಪ್ಪತ್ತು ದಿನದಿಂದ ದಿನಕ್ಕೆರಡು ಸಲ ತಂದು, ದಿನಕ್ಕೆರಡು ಸಲ ವಾಪಸು ಒಯ್ದು ಅವಳಿಗೆ ಸಾಕಾಗಿತ್ತು. ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. ಪಿಸುದನಿ ಮರೆತೇಹೋಗಿತ್ತು.

"ಅವ್ವ, ನನ್ನ ಸಾಕಿದೋಳು ನೀನೇ ತಾನೆ? ಕೂಸು ಎಚ್ಚರಿದ್ದಾಗ ಯಾವ ತಾಯಿ ಉಂಡಾಳೆ? ಅದು ಮಲಗಿದಾಗಲೇ ಅಲ್ವಾ ಎರಡು ತುತ್ತು ಬಾಯಿಗೆ ಹಾಕ್ಕೊಳ್ಳೋದು? ನಿನ್ನ ದೇವರು ಮಲಗಿ ನಲವತ್ತು ದಿನ ಆತು, ನೀನಿನ್ನೂ ಉಂಡಿಲ್ಲ. ಎದ್ದ ಮೇಲೆ ಅವನು ನೀರು, ಪತ್ರೆ, ವಿಭೂತಿ ಅಂತ ಕುಣಿಸೋಕೆ ಶುರು ಮಾಡ್ತಾನೆ. ಆವಾಗ ಉಣ್ತೀಯಾ?"

ಅತ್ತೆ ಮಗಳ ಮುಖವನ್ನೇ ನೋಡಿದಳು. ಶಾಂತಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳನ್ನು ಅವಳು ಮಣ್ಣಿಗೆ ಕೊಟ್ಟಿದ್ದಳು. ಆ ಮಾತು ಯಾರೂ ಆಡುತ್ತಿರಲಿಲ್ಲ, ಆಗಲೂ ಆಡಲಿಲ್ಲ.

"ಪೂಜೆ ಆಗದೆ?" ಎಂದಳು ಕೊನೆಗೆ, ಸಣ್ಣ ಹುಡುಗಿಯ ಹಾಗೆ.

"ಮಲಗಿದ ಕೂಸಿಗೆ ಯಾರಾದ್ರೂ ನೀರು ಹಾಕ್ತಾರೇನವ್ವ? ಮೇಲಿಂದ ಕೈ ಮುಗಿ, ಉಣ್ಣು."

ಅತ್ತೆ ಕರಡಿಗೆಯನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಅದು ಅಲುಗದ ಹಾಗೆ ಎಡಗೈಯನ್ನು ಎದೆಗೆ ಒತ್ತಿಟ್ಟು, ಬಲಗೈಯಲ್ಲಿ ಬಟ್ಟಲು ಎಳೆದುಕೊಂಡಳು. ಡೈರಿಯಲ್ಲಿದೆ: "ಜುಲೈ 21, ಅಧಿಕ ಶ್ರಾವಣ ಸೋಮವಾರ. ಮಳೆ 4-36. ಗಂಜಿ ಒಂಬತ್ತು ಗುಟುಕು." ಹತ್ತನೆಯದನ್ನು ಕಕ್ಕಿದಳು, ಅದನ್ನೂ ಬರೆದಿದ್ದೇನೆ.

ಇದು ಸರಿಯೇ ಎಂದು ಮಾವ ಆಮೇಲೆ ಅಯ್ಯನವರನ್ನು ಕೇಳಿದರು. ಅವರು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಮಲಗಿದ ಲಿಂಗಕ್ಕೆ ಹಿಂಗೆ ಮಾಡ್ರಿ ಅಂತ ನಾನು ಎಲ್ಲೂ ಓದಿಲ್ಲ ಹಾಲಪ್ಪ. ಮಾಡಬ್ಯಾಡ್ರಿ ಅಂತಲೂ ಓದಿಲ್ಲ. ಉಣ್ತಾಳೋ ಇಲ್ಲೋ? ಉಣ್ಲಿ ಬಿಡು" ಎಂದರು.

ಅತ್ತೆಗೆ ವಾಸಿಯಾಯಿತೆಂದು ನಾನು ಹೇಳಲಾರೆ. ಸೆಪ್ಟೆಂಬರಿನಲ್ಲಿ ಮಾವ ಅವಳನ್ನು ಶಿವಮೊಗ್ಗದ ಡಾಕ್ಟರರಿಗೆ ತೋರಿಸಿದರು. ಗುಳಿಗೆ ಕೊಟ್ಟರು. ಕೆಲವು ತಿಂಗಳು ಚೆನ್ನಾಗಿರುತ್ತಾಳೆ, ಕೆಲವು ತಿಂಗಳು ತುಟಿಯ ಮೇಲೆ ಬೆರಳು ಬರುತ್ತದೆ. ನನಗೆ ಸೊರಬಕ್ಕೆ ವರ್ಗವಾದ ಮೇಲೂ ಶಾಂತ ಕಾಗದ ಬರೆಯುತ್ತಾಳೆ, ಅದರಲ್ಲಿ ಇವೆಲ್ಲ ಇರುತ್ತವೆ. ಆದರೆ ಆ ವರ್ಷದಲ್ಲಿ ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಕಾದದ್ದು ಆಗಸ್ಟ್ ಹದಿನೆಂಟಕ್ಕೆ. ಸುಳ್ಳೆಂದು ನಾನು ಒಪ್ಪಿಕೊಂಡಿದ್ದರೂ ಅತ್ತೆ ಆ ದಿನವನ್ನು ಬಿಟ್ಟುಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಇನ್ನೆಷ್ಟು ಎಂದು ಕೇಳುತ್ತಿದ್ದಳು. ಆ ದಿನ ಅವನು ಏಳದಿದ್ದರೆ ಮತ್ತೆ ಊಟ ಬಿಡುತ್ತಾಳೆಂದು ನಮಗೆ ಭಯ.

ಆ ಸೋಮವಾರ ಬೆಳಿಗ್ಗೆ ಅತ್ತೆ ಗೋಡೆ ಹಿಡಿದು ತಾನೇ ನಡೆದು ಹೋಗಿ ಸ್ನಾನ ಮಾಡಿದಳು. ಹಣೆಗೆ ವಿಭೂತಿ ಬಳಿದು ಮಣೆಯ ಮೇಲೆ ಕೂತಳು. ಮಾವ, ಶಾಂತ, ನಾನು ಬಾಗಿಲಲ್ಲಿ ನಿಂತೆವು. ಅರುವತ್ತೆಂಟು ದಿನಗಳ ಮೇಲೆ ಮೊದಲ ಸಲ ಕರಡಿಗೆಯ ಮುಚ್ಚಳ ತಿರುಗಿಸಿದಳು. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು, ಮುಖದ ಹತ್ತಿರ ತಂದು, ಉಸಿರು ತಾಗದ ಹಾಗೆ ತುಟಿ ಬಿಗಿದು ನೋಡಿದಳು. ನೋಡುತ್ತಲೇ ಇದ್ದಳು. ಮಾವನ ಬಾಯಿ ಏನೋ ಜಪಿಸುತ್ತಿತ್ತು.

"ಎದ್ದಿಲ್ಲ," ಎಂದಳು.

ಅವಳು ಸೆರಗಿನ ಮೂಲೆಯಿಂದ ಲಿಂಗವನ್ನು ಮೆಲ್ಲಗೆ ಒರೆಸಿ, ಕರಡಿಗೆಯಲ್ಲಿಟ್ಟು, ಮುಚ್ಚಳ ಬಿಗಿದು, ಅದರ ಮೇಲೊಂದು ಬಿಲ್ವಪತ್ರೆ ಇಟ್ಟು ಕೈ ಮುಗಿದಳು. ಆಮೇಲೆ ತಲೆಯೆತ್ತಿ ನಮ್ಮ ಮೂವರನ್ನೂ ನೋಡಿದಳು.

"ಏನು ಹಂಗೆ ಸಾಲಾಗಿ ನಿಂತೀರಿ? ಮಲಗಿರೋನು ಮಲಗಲಿ, ಅವನ ಮನಸ್ಸು. ನನಗೆ ಹಸಿವಾಗೈತೆ. ತಾಟು ಹಾಕೇ ಶಾಂತ."

ಶಾಂತ ಓಡಿದಳು. ಬಿಸಿ ಅನ್ನ, ಹೀರೇಕಾಯಿ ಪಲ್ಯ, ತಿಳಿಸಾರು. ಅತ್ತೆ ಕಲಸಿದಳು, ಒಂದು ತುತ್ತು ಬಾಯಿಗಿಟ್ಟು ಅಗಿದಳು, ನಿಲ್ಲಿಸಿದಳು. ಮಾವ ಒಂದು ಹೆಜ್ಜೆ ಮುಂದಿಟ್ಟರು.

"ಪಲ್ಯಕ್ಕೆ ಉಪ್ಪು ಯಾವಳೇ ಹಾಕಿದ್ದು?" ಎಂದು ಅತ್ತೆ ತನ್ನ ಹಳೆಯ ಗಟ್ಟಿ ಗಂಟಲಿನಲ್ಲಿ ಗದರಿದಳು. "ಇದೇ ಕೈಗುಣ ಇಟ್ಕೊಂಡು ನಾಳೆ ಅತ್ತೆಮನೆಗೆ ಹೋಗ್ತೀಯೇನು?"

ಶಾಂತ ಒಲೆಯ ಮುಂದೆಯೇ ಕುಸಿದು ಕೂತು ಜೋರಾಗಿ ಅತ್ತಳು. ಅತ್ತೆ ಅವಳನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಇವಳಿಗೇನಾಯಿತೋ ಎಂಬಂತೆ ತಲೆಯಾಡಿಸಿ ಎರಡನೆಯ ತುತ್ತು ಕಲಸಿದಳು.